ಗೌಟ್‌ಗೆ ನಿಮ್ಮ ಕಡೆ ಏನಂತೀರಿ? ಸಂಧಿವಾತ ಅಂದ್ರೆ ಸಾಲ್ತಿಲ್ಲ

ಎಲ್ರಿಗೂ ನಮಸ್ಕಾರ,

ಪರಿಚಯದ ಡಾಕ್ಟರೊಬ್ರು ಗೌಟ್ (ರಕ್ತದಲ್ಲಿ ಯೂರಿಕ್ ಆಸಿಡ್ ಜಾಸ್ತಿಯಾಗಿ ಕೀಲಲ್ಲಿ ಹರಳು ಕೂತು ಬರೋ ನೋವು) ಇರೋ ಪೇಷಂಟ್‌ಗಳ ಕೈಗೆ ಕೊಡೋಕೆ ಒಂದು ಪುಟ ಕನ್ನಡದಲ್ಲಿ ಬರ್ಕೊಡಿ ಅಂದಿದಾರೆ, ನಾನು ತಲೆಬರಹದಲ್ಲೇ ಸಿಕ್ಕಾಕೊಂಡಿದೀನಿ. ಪೇಪರ್‌ಗಳಲ್ಲಿ ಸಂಧಿವಾತ ಅಂತ ಬರೀತಾರೆ, ಆದ್ರೆ ಮಂಡಿ ಸವೆತಕ್ಕೂ ಅದೇ, ರುಮಟಾಯ್ಡ್‌ಗೂ (ಮೈಯ ರಕ್ಷಣಾ ವ್ಯವಸ್ಥೆಯೇ ಕೀಲುಗಳ ಮೇಲೆ ತಿರುಗಿ ಬೀಳೋ ಕಾಯಿಲೆ) ಅದೇ, ಮೂರಕ್ಕೂ ಔಷಧಿ ಬೇರೆ ಬೇರೆ. ಊರ ಕಡೆ ಕೇಳಿದ್ರೆ ವಾಯು ಅಂದ್ಬಿಡ್ತಾರೆ, ಅದ್ರಲ್ಲಿ ಹೊಟ್ಟೆ ಉಬ್ಬರದಿಂದ ಹಿಡಿದು ಸೊಂಟ ಹಿಡ್ಕೊಳ್ಳೋವರೆಗೆ ಎಲ್ಲಾ ಬಂತು.

ಆಯುರ್ವೇದದವರು ವಾತರಕ್ತ ಅಂತಾರೆ. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಅದಕ್ಕೇ ಒಂದು ಅಧ್ಯಾಯ ಇದೆ, ಅಲ್ಲೇ ಇನ್ನೊಂದು ಹೆಸರು ಆಢ್ಯವಾತ, ಅಂದ್ರೆ ಉಳ್ಳವರ ವಾತ. ಪದವೇನೋ ಸೊಗಸಾಗಿದೆ, ಆದ್ರೆ ಈಗ ಕಿಡ್ನಿ ವೀಕ್ ಇರೋರು, ಬಿಪಿಗೆ ಅಂತ ನೀರಿನ ಮಾತ್ರೆ (ಮೂತ್ರ ಜಾಸ್ತಿ ಮಾಡೋದು) ನುಂಗೋರು, ಮನೆತನದಲ್ಲೇ ಇರೋರು ಎಲ್ರಿಗೂ ಬರುತ್ತೆ, ಗಾರೆ ಕೆಲಸದವನ ಕೈಗೆ ಆಢ್ಯವಾತ ಅಂತ ಚೀಟಿ ಕೊಟ್ರೆ ಏನಂದಾನು! ಕೀಲಲ್ಲಿ ಯೂರೇಟ್ (ಯೂರಿಕ್ ಆಸಿಡ್ಡಿನ ಲವಣ) ಸೂಜಿಯಂಥ ಹರಳಾಗಿ ಕೂರುತ್ತಲ್ಲ, ಹರಳುವಾತ ಅಂತ ಕಟ್ಟೋಣ ಅಂದ್ರೆ ಹರಳೆಣ್ಣೆ ತಿಕ್ಕಬೇಕಾ ಅಂತ ನಮ್ಮನೇಲೇ ಕೇಳಿದ್ರು.

ಇನ್ನೊಂದು ಬಳಕೆ ನೋಡಿ, ಶುಗರ್ ಇದೆ ಬಿಪಿ ಇದೆ ಅನ್ನೋ ಥರಾನೇ ಜನ "ನಂಗೆ ಯೂರಿಕ್ ಆಸಿಡ್ ಇದೆ" ಅಂತಾರೆ. ಅದು ಎಲ್ರ ರಕ್ತದಲ್ಲೂ ಇರುತ್ತೆ ಮಾರಾಯ್ರೆ! ಜಾಸ್ತಿ ಇದ್ದ ಮಾತ್ರಕ್ಕೆ ಗೌಟ್ ಆಯ್ತು ಅಂತಲ್ಲ, ಜಾಸ್ತಿ ಇರೋರಲ್ಲಿ ಹೆಚ್ಚಿನವರಿಗೆ ಗೌಟ್ ಬರೋದೇ ಇಲ್ಲ, ನೋವಿಲ್ಲದೆ ಬರೀ ರಿಪೋರ್ಟ್ ನೋಡಿ ಸಾಮಾನ್ಯವಾಗಿ ಮಾತ್ರೆ ಶುರು ಮಾಡಲ್ಲ. ಈ ವ್ಯತ್ಯಾಸ ಒಂದೇ ಸಾಲಲ್ಲಿ ಹೇಳೋದು ಹೇಗೆ?

ನಿಜವಾದ ತಲೆನೋವು ಮುಂದಿದೆ. ನಡುರಾತ್ರಿ ಹೆಬ್ಬೆರಳಿನ ಬುಡ ಕೆಂಪಗೆ ಊದಿ ಹೊದಿಕೆಯ ಅಂಚು ತಾಗಿದ್ರೂ ಜೀವ ಹೋಗುತ್ತಲ್ಲ, ಅದನ್ನ ಏನಂತ ಬರೀಲಿ? ಉಲ್ಬಣ ಅಂದ್ರೆ ಪುಸ್ತಕದ ವಾಸನೆ, ಅಟ್ಯಾಕ್ ಅಂದ್ರೆ ಹಾರ್ಟ್ ಅಂದ್ಕೊಳ್ತಾರೆ, ಸದ್ಯಕ್ಕೆ "ನೋವು ಕೆರಳಿದಾಗ" ಅಂತ ಹಾಕಿದೀನಿ. ಇದು ಯಾಕೆ ಮುಖ್ಯ ಅಂದ್ರೆ ಕೆರಳಿದಾಗ ತಗೊಳ್ಳೋ ಕಾಲ್ಚಿಸಿನ್ ಅಥವಾ ನೋವಿನ ಮಾತ್ರೆ ಬೇರೆ, ಯೂರಿಕ್ ಆಸಿಡ್ಡನ್ನ 6 mg/dLಗಿಂತ ಕೆಳಗೆ ಇಳಿಸಿ ಇಡೋಕೆ ದಿನಾ ತಗೊಳ್ಳೋ ಅಲೋಪ್ಯೂರಿನಾಲ್ ಅಥವಾ ಫೆಬುಕ್ಸೋಸ್ಟಾಟ್ ಬೇರೆ. ಎರಡನೇದು ಶುರು ಮಾಡಿದ ಮೊದಲ ಕೆಲವು ತಿಂಗಳು ಹಳೇ ಹರಳು ಕರಗ್ತಾ ನೋವು ಮತ್ತೆ ಕೆರಳಬಹುದು, ಜನ "ಮಾತ್ರೆ ಆಗಿಬರ್ಲಿಲ್ಲ" ಅಂತ ತಾವೇ ಬಿಟ್ಬಿಡ್ತಾರೆ. (ಮೈಮೇಲೆ ದದ್ದು ಎದ್ರೆ ಮಾತ್ರ ತಕ್ಷಣ ನಿಲ್ಲಿಸಿ ಡಾಕ್ಟರ್ ಹತ್ರ ಓಡ್ಬೇಕು, ಅದೂ ಪುಟದಲ್ಲಿದೆ.) ಮೊದಲನೇದಕ್ಕೆ "ನೋವಿನ ಮಾತ್ರೆ", ಎರಡನೇದಕ್ಕೆ "ಇಳಿಸೋ ಮಾತ್ರೆ" ಅಂದ್ರೆ ಗೊಂದಲ ಆಗುತ್ತಾ?

ಊಟದ ಭಾಗ ಸುಲಭ ಇತ್ತು. ಬಿಯರ್, ಲಿವರ್, ಬೋಟಿ, ಸಕ್ಕರೆ ಹಾಕಿದ ಕೂಲ್‌ಡ್ರಿಂಕ್ಸು ಕಮ್ಮಿ ಮಾಡಿ ಅಂತ ಬರ್ದೆ. ಬೇಳೆ, ಪಾಲಕ್ ಪೂರ್ತಿ ಬಿಡಿಸೋ ಹಳೇ ಸಲಹೆ ತೆಗ್ದಿದೀನಿ, ಅವುಗಳಿಂದ ಗೌಟ್ ಹೆಚ್ಚೋದು ಕಂಡುಬಂದಿಲ್ಲ. ಕಮ್ಮಿ ಮಾಡೋ ಪಟ್ಟೀಲಿ ಮೀನಲ್ಲಿ ಬೂತಾಯಿ (ಸಾರ್ಡೀನ್) ಅಂತ ಹಾಕಿದೀನಿ, ತುಮಕೂರು ಹಾಸನದ ಕಡೆಯವ್ರಿಗೆ ಆ ಹೆಸರು ಗೊತ್ತಾಗುತ್ತಾ, ಇಲ್ಲಾ ಮತ್ತಿ ಅಂತಾನೂ ಸೇರಿಸ್ಲಾ? ಹುಬ್ಬಳ್ಳಿ ಧಾರವಾಡದವ್ರು, ಕರಾವಳಿಯವ್ರು ಹಿರೀಕರು ಈ ಹೆಬ್ಬೆರಳ ನೋವಿಗೆ ಬೇರೆ ಹೆಸರೇನಾದ್ರೂ ಹೇಳ್ತಿದ್ರಾ ಅಂತ ದಯವಿಟ್ಟು ತಿಳಿಸಿ, ಅಲ್ಲೀವರೆಗೆ ತಲೆಬರಹ "ಗೌಟ್" ಅಂತಲೇ ಇರ್ಲಿ ಅಂತಿದೀನಿ.