ಲಾಯಲಿಸ್ಟ್ ಅಂದರೆ 'ರಾಜನಿಷ್ಠ' ಆಗುತ್ತದೆಯೇ?

ಗೆಳೆಯರೇ, ಉತ್ತರ ಐರ್ಲೆಂಡಿನ ಬಗ್ಗೆ ಒಂದು ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಯೂನಿಯನಿಸ್ಟ್, ಲಾಯಲಿಸ್ಟ್ ಅನ್ನುವ ಎರಡು ಪದಗಳ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ. ಇಬ್ಬರೂ ಉತ್ತರ ಐರ್ಲೆಂಡ್ ಬ್ರಿಟನ್ ಜೊತೆಗೇ ಇರಬೇಕು ಅನ್ನುವವರು, ಹೆಚ್ಚಿನವರು ಪ್ರಾಟೆಸ್ಟೆಂಟರು. ಆದರೆ ಅಲ್ಲಿನ ಮಾತಿನಲ್ಲಿ ಲಾಯಲಿಸ್ಟ್ ಅಂದ ಕೂಡಲೇ ಕಣ್ಣಿಗೆ ಬರುವುದು ದುಡಿಯುವ ಜನ: ಬೆಲ್‌ಫಾಸ್ಟಿನ ಶಾಂಕಿಲ್ ರಸ್ತೆ, ಒಂದಕ್ಕೊಂದು ಅಂಟಿಕೊಂಡ ಇಟ್ಟಿಗೆ ಮನೆಗಳು, ರಸ್ತೆ ಅಂಚಿನ ಕಲ್ಲಿಗೂ ಬಳಿದ ಬ್ರಿಟಿಷ್ ಬಾವುಟದ ಕೆಂಪು, ಬಿಳಿ, ನೀಲಿ ಬಣ್ಣ. ಬಂದೂಕು ಹಿಡಿದ ಗುಂಪುಗಳ ನೆನಪೂ ಆ ಪದಕ್ಕೇ ಅಂಟಿದೆ. ಅನುಕೂಲಸ್ಥರು ಸಾಮಾನ್ಯವಾಗಿ ಯೂನಿಯನಿಸ್ಟ್ ಅನ್ನಿಸಿಕೊಳ್ಳುತ್ತಾರೆ.

ಮೊದಲು ಹೊಳೆದದ್ದು 'ರಾಜನಿಷ್ಠ'. ಅರ್ಥಕ್ಕೇನೋ ಹೊಂದುತ್ತದೆ. ಆದರೆ ಕನ್ನಡದಲ್ಲಿ ಆ ಪದ ಕೇಳಿದರೆ ಪೇಟ ಸುತ್ತಿ, ಬಿರುದು ಪಡೆದು, ದರ್ಬಾರಿನಲ್ಲಿ ಕೂತ ದೊಡ್ಡ ಮನುಷ್ಯ ನೆನಪಾಗುತ್ತಾನೆ. ಹಡಗು ಕಟ್ಟುವ ಕಾರ್ಖಾನೆಯ ಕೂಲಿಗೆ ಅದನ್ನು ಹೇಗೆ ತೊಡಿಸುವುದು?

ಇನ್ನು ಯೂನಿಯನಿಸ್ಟ್‌ಗೆ 'ಒಕ್ಕೂಟವಾದಿ' ಅಂದರೆ ರಾಜ್ಯಗಳಿಗೆ ಹೆಚ್ಚು ಅಧಿಕಾರ ಕೇಳುವವನು ಅನ್ನಿಸುತ್ತದೆ. ಯೂನಿಯನಿಸ್ಟ್ ಅಂತಲೇ ಬಿಟ್ಟರೆ, ನಮಗೆ ಯೂನಿಯನ್ ಅಂದರೆ ಕಾರ್ಮಿಕ ಸಂಘ ಅಲ್ವಾ? 1974ರ ಮೇ ತಿಂಗಳ ಮುಷ್ಕರದ ಪ್ಯಾರಾದಲ್ಲಿ ಇದು ದೊಡ್ಡ ತೊಡಕು. ಕ್ಯಾಥೊಲಿಕರ ಜೊತೆ ಅಧಿಕಾರ ಹಂಚಿಕೊಂಡ ಸರ್ಕಾರ ಬೇಡ ಅಂತ ಲಾಯಲಿಸ್ಟ್ ಕಾರ್ಮಿಕರು ಕರೆಂಟು ಉತ್ಪಾದನೆ ತಗ್ಗಿಸಿ, ರಸ್ತೆ ತಡೆದು, ಎರಡೇ ವಾರದಲ್ಲಿ ಅದನ್ನು ಬೀಳಿಸಿದರು. ಕಾರ್ಮಿಕ ಸಂಘಗಳ ನಾಯಕರು ಮುಷ್ಕರಕ್ಕೆ ವಿರುದ್ಧವಾಗಿದ್ದರು. ಕೆಲಸಕ್ಕೆ ಮರಳೋಣ ಅಂತ ಅವರು ಮೆರವಣಿಗೆ ಹೊರಟರೆ ಹಿಂದೆ ಬಂದವರು ತೀರಾ ಕಮ್ಮಿ ಜನ. ಅಲ್ಲಿ 'ಯೂನಿಯನ್‌ನವರು ಮುಷ್ಕರ ಹೂಡಿದರು' ಅಂತ ಓದಿಕೊಂಡರೆ ಕತೆಯೇ ಉಲ್ಟಾ.

ಲೇಖನದ ಜೀವ ಇರುವುದೂ ಇಲ್ಲೇ. 1932ರಲ್ಲಿ ಇದೇ ಶಾಂಕಿಲ್‌ನವರು ಪಕ್ಕದ ಫಾಲ್ಸ್ ರಸ್ತೆಯ ಕ್ಯಾಥೊಲಿಕರ ಜೊತೆ ಬೀದಿಗಿಳಿದಿದ್ದರು, ಕೆಲಸವಿಲ್ಲದವರಿಗೆ ಕೊಡುವ ಪರಿಹಾರ ಜಾಸ್ತಿ ಮಾಡಿ ಅಂತ. 1969ರಿಂದ ಆ ಎರಡು ಕೇರಿಗಳ ನಡುವೆ ಗೋಡೆ ಇದೆ. ಈ ಜನರ ಬಡತನ ಓದುಗರಿಗೆ ಕಾಣದಂತೆ ಮಾಡುವ ಪದ ನನಗೆ ಬೇಡ.

ಎದುರು ಪಕ್ಷದ, ಅಂದರೆ ಐರ್ಲೆಂಡ್ ಒಂದಾಗಬೇಕು ಅನ್ನುವ ನ್ಯಾಷನಲಿಸ್ಟ್‌ಗೆ ಸುಮ್ನೆ 'ರಾಷ್ಟ್ರವಾದಿ' ಅಂದರೆ ಯಾವ ರಾಷ್ಟ್ರ ಅಂತ ತಿಳಿಯುವುದಿಲ್ಲ, 'ಐರಿಶ್ ರಾಷ್ಟ್ರವಾದಿ' ಅಂತ ಬರೆದಿದ್ದೇನೆ. ಯೂನಿಯನಿಸ್ಟರಿಗೆ ಸದ್ಯಕ್ಕೆ 'ಬ್ರಿಟನ್‌ಪರರು'. ಲಾಯಲಿಸ್ಟನ್ನು ಹಾಗೇ ಇಟ್ಟು, ಮೊದಲ ಸಲ ಬಂದಾಗ ಒಂದು ಸಾಲು ವಿವರಿಸಿದ್ದೇನೆ. 'ನಿಷ್ಠರು' ಆಗಬಹುದೇ ಅಂತಲೂ ಯೋಚಿಸಿದೆ, ಹೊಗಳಿದ ಹಾಗೆ ಕೇಳುತ್ತದೆ. ಇದಕ್ಕಿಂತ ಒಳ್ಳೆಯ ಪದ ಯಾರಿಗಾದರೂ ಹೊಳೆದರೆ ದಯವಿಟ್ಟು ತಿಳಿಸಿ.