ಮದ್ದು ಇಕ್ಕಿದ್ದಾಳೆಂದು ಅವ್ವನನ್ನೇ ಶಂಕಿಸುವ ತಮ್ಮ: ಅನುಭವವಿದ್ದವರು ತಿಳಿಸಿ

ಪ್ರಶ್ನೆ (ಮಂಡ್ಯ): ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆ ಇರುವ ನನ್ನ ತಮ್ಮ ನಾಲ್ಕು ತಿಂಗಳಿಂದ ಮಾತ್ರೆ ಬಿಟ್ಟಿದ್ದಾನೆ. ಅವ್ವ ಊಟದಲ್ಲಿ ಮದ್ದು ಇಕ್ಕುತ್ತಾಳೆಂದು ಹೇಳುತ್ತಾ ಹಾಸಿಗೆಯ ಕೆಳಗೆ ಮಚ್ಚು ಇಟ್ಟುಕೊಂಡು ಮಲಗುತ್ತಾನೆ. ಮಗನೇ ಹೆತ್ತವರನ್ನು ಕೊಂದ ಸುದ್ದಿ ಓದಿದಾಗಲೆಲ್ಲ ಎದೆ ನಡುಗುತ್ತದೆ. ಲಾಕಪ್ಪಿಗೆ ಹಾಕುತ್ತಾರೆಂಬ ಭಯದಿಂದ ಅಪ್ಪ ಪೊಲೀಸರಿಗೆ ತಿಳಿಸಲು ಬಿಡುತ್ತಿಲ್ಲ.

ಉತ್ತರ (ಮೈಸೂರು): ನಮ್ಮಣ್ಣ ಮುದ್ದೆಯ ಮೊದಲ ತುತ್ತನ್ನು ನಾಯಿಗೆ ಹಾಕಿ, ಅದಕ್ಕೇನೂ ಆಗಲಿಲ್ಲವೆಂದು ಖಾತ್ರಿಯಾದ ಮೇಲೆಯೇ ಉಣ್ಣುತ್ತಿದ್ದ. ಮದ್ದು ಇಕ್ಕುವ ಮಾತು ನಮ್ಮ ಕಡೆ ಎಲ್ಲರ ಬಾಯಲ್ಲೂ ಇರುವುದರಿಂದ ಅದು ಕಾಯಿಲೆಯೆಂದು ನಮಗೆ ಹೊಳೆಯಲೇ ಇಲ್ಲ. ಮದ್ದು ತೆಗೆಯುವವರ ಬಳಿ ಕರೆದೊಯ್ದು ವಾಂತಿ ಮಾಡಿಸಿದ ಮೇಲಂತೂ ಅವನ ಅನುಮಾನಕ್ಕೆ ನಾವೇ ಸಾಕ್ಷಿ ಹೇಳಿದಂತಾಯಿತು. ಈ ಕಾಯಿಲೆ ಇರುವವರಲ್ಲಿ ಬಹುಪಾಲು ಜನ ಯಾರ ಮೇಲೂ ಕೈ ಎತ್ತುವುದಿಲ್ಲ, ನಿಜ. ಆದರೆ ಅನುಮಾನವೆಲ್ಲ ಒಬ್ಬರ ಮೇಲೆಯೇ ನೆಟ್ಟಿದ್ದು, ಮಾತ್ರೆ ನಿಂತು, ಕೈಗೆಟುಕುವಲ್ಲಿ ಆಯುಧವೂ ಇದ್ದಾಗ ಕಾಯಬಾರದು. ಕುಡಿತವೋ ಗಾಂಜಾವೋ ಸೇರಿದರೆ ಅಪಾಯ ಇನ್ನೂ ಹೆಚ್ಚು. ಅವನೊಂದಿಗೆ ವಾದಕ್ಕಿಳಿಯಬೇಡಿ, ಹೌದೆನ್ನಲೂ ಬೇಡಿ. ಮೊದಲು ಅವ್ವನನ್ನು ಬೇರೆ ಮನೆಗೆ ಕಳಿಸಿ. ಮಚ್ಚನ್ನು ಅವನ ಕೈಯಿಂದ ಕಸಿಯಲು ಹೋಗದೆ, ಅವನು ಹೊರಗೆ ಹೋದಾಗ ಕುಡುಗೋಲು, ಕೊಡಲಿಗಳ ಜೊತೆಗೆ ಸಾಗಿಸಿ.

ಉತ್ತರ (ಮಂಡ್ಯ, ವಕೀಲರು): ನಿಮ್ಮ ತಂದೆಯವರಿಗೆ ಇದನ್ನು ಓದಿ ಹೇಳಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 100ನೇ ಕಲಮಿನಂತೆ, ಕಾಯಿಲೆಯಿಂದ ತನಗೋ ಇತರರಿಗೋ ಅಪಾಯ ತರಬಹುದಾದ ವ್ಯಕ್ತಿಯನ್ನು ರಕ್ಷಣೆಗೆ ತೆಗೆದುಕೊಳ್ಳುವುದು ಠಾಣಾಧಿಕಾರಿಯ ಕರ್ತವ್ಯ. ಅವರನ್ನು ಲಾಕಪ್ಪಿನಲ್ಲಿ ಇಡುವಂತಿಲ್ಲ, 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು. ರೋಗಿ ಒಪ್ಪದಿದ್ದರೂ, ಒಬ್ಬ ಮನೋವೈದ್ಯರು ಮತ್ತು ಇನ್ನೊಬ್ಬ ಮಾನಸಿಕ ಆರೋಗ್ಯ ವೃತ್ತಿಪರರು ಅಥವಾ ವೈದ್ಯರು ಪ್ರತ್ಯೇಕವಾಗಿ ಪರೀಕ್ಷಿಸಿ ಅಗತ್ಯವೆಂದರೆ, 89ನೇ ಕಲಮಿನಡಿ 30 ದಿನಗಳವರೆಗೆ ದಾಖಲಿಸಿಕೊಳ್ಳಬಹುದು. ದಾಖಲಿಸಲು ಕೊಡುವ ಅರ್ಜಿಯಲ್ಲಿ ಮಚ್ಚಿನ ವಿಷಯವನ್ನು ಮರ್ಯಾದೆಗೆ ಅಂಜಿ ಬಿಡಬೇಡಿ.

ಉತ್ತರ (ಮೈಸೂರು): ಮಾತ್ರೆ ನುಂಗಿದಂತೆ ನಟಿಸಿ ಉಗುಳುವವರಿಗೆ ಎರಡು ಅಥವಾ ನಾಲ್ಕು ವಾರಕ್ಕೊಮ್ಮೆ ಕೊಡುವ ಇಂಜೆಕ್ಷನ್ ಇದೆ, ವೈದ್ಯರನ್ನು ಕೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಮನೆಯವರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡುತ್ತಾರೆ.

ಪ್ರಶ್ನೆ ಕೇಳಿದವರು: ಅವ್ವನನ್ನು ನಿನ್ನೆ ಸೋದರಮಾವನ ಮನೆಗೆ ಬಿಟ್ಟುಬಂದೆ. ಹೊರಡುವ ಮುನ್ನ ತಮ್ಮನಿಗೆಂದು ಸಾರು ಕಾಯಿಸಿಟ್ಟಿದ್ದಳು; ಅವನು ಮುಟ್ಟಿಲ್ಲ. ನಾಳೆ ಬೆಳಿಗ್ಗೆ ಅಪ್ಪನೂ ನಾನೂ ಠಾಣೆಗೆ ಹೋಗುತ್ತಿದ್ದೇವೆ.