ಬೆನ್ನುಹುರಿಗೆ ಪೆಟ್ಟಾದ ತಮ್ಮನ ಮನಸ್ಸು ಕುಸಿದಿದೆ, ದಾಟಿದವರು ಹೇಳಿ

ಕೇಳಿದವರು: ತಮ್ಮನಿಗೆ 27 ವರ್ಷ. ಅಡಿಕೆ ಮರದಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಇಲ್ಲ. ಆಸ್ಪತ್ರೆಯಿಂದ ಬಂದಾಗಿನಿಂದ ಗೋಡೆ ಕಡೆ ತಿರುಗಿ ಮಲಗುತ್ತಾನೆ. ಯಾರು ಬಂದರೂ ಮಾತಿಲ್ಲ. ಏನು ಮಾಡೋಣ?

ಉತ್ತರ: ಅಕ್ಕಾ, ನಾನೂ ಮರದಿಂದ ಬಿದ್ದವನೇ. ಈಗ ವೀಲ್‌ಚೇರ್‌ನಲ್ಲಿ ಓಡಾಡುತ್ತೇನೆ. ನೆಂಟರು ಬಂದರೆ ನಾನೂ ಮುಖ ತಿರುಗಿಸುತ್ತಿದ್ದೆ. ಅದು ದುಃಖಕ್ಕಿಂತ ಜಾಸ್ತಿ ಹೆದರಿಕೆ. ಅವರ ಎದುರೇ ಬಟ್ಟೆ ಒದ್ದೆಯಾದರೆ, ವಾಸನೆ ಬಂದರೆ ಅಂತ. ನಾಲ್ಕರಿಂದ ಆರು ಗಂಟೆಗೊಮ್ಮೆ ನಾನೇ ಟ್ಯೂಬ್ ಹಾಕಿ ಮೂತ್ರ ತೆಗೆಯಲು ಕಲಿತೆ. ಹೊಟ್ಟೆ ಖಾಲಿ ಮಾಡುವುದಕ್ಕೂ ದಿನದ ಒಂದು ಹೊತ್ತು ಗೊತ್ತುಮಾಡಿಕೊಂಡೆ. ಆಮೇಲೆಯೇ ಜಗಲಿಗೆ ಬಂದು ಕೂರುವ ಧೈರ್ಯ ಬಂದದ್ದು. ತಮ್ಮನಿಗೆ ಇದನ್ನೆಲ್ಲ ಯಾರಾದರೂ ಕಲಿಸಿದ್ದಾರಾ? ಮೊದಲು ಅದನ್ನು ವಿಚಾರಿಸಿ, ಸಮಾಧಾನದ ಮಾತು ಆಮೇಲೆ.

"ಬೇಗ ಎದ್ದು ಓಡಾಡ್ತೀಯ" ಅಂತ ಬಂದವರೆಲ್ಲ ಹೇಳುವುದನ್ನು ದಯವಿಟ್ಟು ನಿಲ್ಲಿಸಿ. ದಿನಾ ಬೆಳಗ್ಗೆ ಇವತ್ತಾದರೂ ಅಲುಗೀತಾ ಅಂತ ಕಾಲ್ಬೆರಳು ನೋಡಿಕೊಂಡು ಕೂರುವುದು ಎಂಥ ಹಿಂಸೆ ಗೊತ್ತಾ? ವೆಲ್ಲೂರಿನ ಡಾ. ಮೇರಿ ವರ್ಗೀಸ್ 1954ರ ಅಪಘಾತದ ನಂತರ ವೀಲ್‌ಚೇರ್‌ನಲ್ಲೇ ಕೂತು ಕುಷ್ಠರೋಗಿಗಳ ಕೈಗೆ ಆಪರೇಷನ್ ಮಾಡಿದವರು. ಅವರ ಬಗ್ಗೆ ಕೇಳಿದ್ದೆ. ಆದರೂ ನನಗೆ ಜೀವ ಬಂದದ್ದು ನನ್ನಂಥದ್ದೇ ಪೆಟ್ಟಾದ ಒಬ್ಬ ಅಣ್ಣ ಮಂಚದಿಂದ ಕುರ್ಚಿಗೆ ಸರ್ರನೆ ಜಾರಿ ಕೂತದ್ದನ್ನು ಕಣ್ಣಾರೆ ನೋಡಿದಾಗ. ಬೆನ್ನುಹುರಿಗೆ ಪೆಟ್ಟಾದವರ ಪುನಶ್ಚೇತನ ಕೇಂದ್ರವಾದ ಬೆಳ್ತಂಗಡಿ ತಾಲ್ಲೂಕಿನ ಸೌತಡ್ಕದ ಸೇವಾಧಾಮ, ಅಂಗವಿಕಲರಿಗಾಗಿ ಕೆಲಸ ಮಾಡುವ ಬೆಂಗಳೂರಿನ ಎಪಿಡಿ ಸಂಸ್ಥೆ, ಇಂಥ ಕಡೆ ವಿಚಾರಿಸಿ. ಅಲ್ಲಿ ನಮ್ಮಂಥವರು ಸಿಗುತ್ತಾರೆ.

ಇನ್ನೊಬ್ಬರು: ನಮ್ಮ ಯಜಮಾನರಿಗೂ ಹೀಗೇ ಆಗಿತ್ತು. ಒಂದು ದಿನ ಮಾವ ಒಂದು ಗೆರಸೆ ಸುಲಿದ ಅಡಿಕೆ ತಂದು ಪಕ್ಕದಲ್ಲಿಟ್ಟು, "ಪಟೋರ, ಕರಿಗೋಟು ಬೇರೆ ಮಾಡು, ನನಗೆ ಕಣ್ಣು ಕಾಣಲ್ಲ" ಅಂದರು. ಅಂದರೆ ಕಡಿಮೆ ದರ್ಜೆಯ ಅಡಿಕೆ ಆರಿಸಿ ತೆಗೆಯುವ ಕೆಲಸ. ಇವರು ಮೊದಲು ಸುಮ್ನೆ ನೋಡಿದರು. ಆಮೇಲೆ ಒಂದೊಂದೇ ಅಡಿಕೆ ತಿರುಗಿಸಿ ನೋಡುತ್ತಾ ಪೂರ್ತಿ ಮುಗಿಸಿದರು. ಈಗ ಮಂಡಿಯವರ ಜೊತೆ ರೇಟು ಮಾತಾಡುವುದು ಇವರೇ. ಮನೆಯಲ್ಲಿ ಏನೇ ತೀರ್ಮಾನವಾದರೂ ತಮ್ಮನನ್ನು ಒಂದು ಮಾತು ಕೇಳಿ. ನೀವೂ ಸರದಿ ಮೇಲೆ ನಿದ್ದೆ ಮಾಡಿ. ಮಲಗಿದಲ್ಲೇ ಹುಣ್ಣಾಗದಂತೆ ರಾತ್ರಿಯೆಲ್ಲ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ಒಬ್ಬರ ಕೈಲಾಗುವ ಕೆಲಸವಲ್ಲ.

ಮತ್ತೊಬ್ಬರು: ಇಷ್ಟು ದೊಡ್ಡ ಪೆಟ್ಟಾದ ಮೇಲೆ ಬೇಜಾರು ಇದ್ದದ್ದೇ ಅಂತ ಬಿಟ್ಟುಬಿಡಬೇಡಿ. ಖಿನ್ನತೆಗೆ ಔಷಧಿಯೂ ಇದೆ, ಕೌನ್ಸೆಲಿಂಗೂ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಸಾಯುವ ಮಾತು ಆಡಿದರೆ ಒಬ್ಬನನ್ನೇ ಬಿಡಬೇಡಿ, ಅವತ್ತೇ ಡಾಕ್ಟರಿಗೆ ತೋರಿಸಿ. ತೋಟಕ್ಕೆ ಹೊಡೆಯುವ ಔಷಧಿಯನ್ನು ಇವತ್ತೇ ಬೀಗ ಹಾಕಿ ಇಡಿ.